ಹೊಸ ಲೂಸಿಫೆರೇಸ್–ಲೂಸಿಫೆರಿನ್ ಜೋಡಿ ಮಾಡೋದು ಹೇಗೆ: ತುಮಕೂರಿನ ಲ್ಯಾಬಿಂದ ಶುರು ಮಾಡೋರಿಗೆ

ತುಮಕೂರು, ತಿಪಟೂರು ಕಡೆ ಬಯೋಕೆಮಿಸ್ಟ್ರಿ ಬಯೋಟೆಕ್ ಓದ್ತಿರೋ ಹುಡುಗ್ರು ಹುಡುಗೀರು ಪ್ರಾಜೆಕ್ಟ್ ಟೈಮಲ್ಲಿ ತುಂಬ ಸಲ ಕೇಳ್ತಾರೆ, ಮಿಣುಕುಹುಳದ ಎನ್ಜೈಮ್ ಮೇಲೆ ಏನಾದ್ರೂ ಹೊಸದು ಮಾಡ್ಬಹುದಾ, ಅದಕ್ಕೆಲ್ಲ ಬೆಂಗಳೂರಿಗೇ ಹೋಗ್ಬೇಕಾ ಅಂತ. ಕೊನೇ ಹಂತಕ್ಕೆ ಹೋಗ್ಲೇಬೇಕು, ಆದ್ರೆ ಅದಕ್ಕಿಂತ ಮುಂಚಿನ ಬಹುಪಾಲು ಕೆಲಸ ಒಂದು ಸಾಧಾರಣ ಮಾಲಿಕ್ಯುಲರ್ ಬಯಾಲಜಿ ಲ್ಯಾಬು, ಒಂದು ಕತ್ತಲೆ ಕೋಣೆ, ಒಬ್ಬ ಒಳ್ಳೆ ಕೆಮಿಸ್ಟ್ರಿ ಸ್ನೇಹಿತ ಇದ್ರೆ ಇಲ್ಲೇ ಆಗತ್ತೆ. ಹೇಗೆ ಅಂತ ಒಂದೊಂದಾಗಿ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ, ಓದಿ.

ಲೂಸಿಫೆರೇಸ್ ಅಂದ್ರೆ ಬೆಳಕು ಹುಟ್ಟಿಸೋ ಎನ್ಜೈಮ್, ಲೂಸಿಫೆರಿನ್ ಅಂದ್ರೆ ಅದು ಉರಿಸೋ ಇಂಧನ, ಅಂದ್ರೆ ಅದರ ಸಬ್‌ಸ್ಟ್ರೇಟ್. ಈ ಎನ್ಜೈಮಿನ ಜೀನನ್ನ ಕೋಶಕ್ಕೆ ಹಾಕಿ ಸಬ್‌ಸ್ಟ್ರೇಟ್ ಕೊಟ್ರೆ, ಪ್ರಾಣಿ ಮೈಯೊಳಗೆ ಆ ಕೋಶ ಎಲ್ಲಿದೆ ಅಂತ ಹೊರಗಿಂದ ನೋಡ್ಬಹುದು. ಮೊದಲು ಒಂದು ಮಾತು ತಲೇಲಿ ಕೂರಬೇಕು. ಎನ್ಜೈಮ್ ಒಂದು ಕಡೆ ಸಬ್‌ಸ್ಟ್ರೇಟ್ ಒಂದು ಕಡೆ ಬೇರೆ ಬೇರೆ ಚೆನ್ನಾಗಿ ಮಾಡಿ ಆಮೇಲೆ ಸೇರಿಸ್ತೀವಿ ಅಂದ್ರೆ ಆಗಲ್ಲ, ಎರಡನ್ನೂ ಒಟ್ಟಿಗೇ ಬದಲಾಯಿಸ್ತಾ ಹೋಗ್ಬೇಕು, ಮತ್ತೆ ಕೊನೇಗೆ ಆ ಬೆಳಕು ಯಾವ ಜಾಗದಿಂದ ಹೊರಗೆ ಬರಬೇಕೋ ಆ ಜಾಗದ ಪರಿಸ್ಥಿತಿಯನ್ನ ಮೊದಲನೇ ದಿನದಿಂದಲೇ ಸ್ಕ್ರೀನಿಂಗ್ (ಒಳ್ಳೇದನ್ನ ಆರಿಸೋ ಪರೀಕ್ಷೆ) ಒಳಗೆ ತಂದಿಟ್ಕೋಬೇಕು. ಟೆಸ್ಟ್ ಟ್ಯೂಬಲ್ಲಿ ಜಗಮಗ ಅಂತ ಉರಿಯೋ ಜೋಡಿ ಇಲಿ ಮೈಯೊಳಗೆ ಹೋದ ತಕ್ಷಣ ಕಾಣದೇ ಹೋಗೋದು ಇದೇ ಕಾರಣಕ್ಕೆ.

ಕೆಮಿಸ್ಟ್ರಿ ಚುಟುಕಾಗಿ. ಮಿಣುಕುಹುಳದ ಲೂಸಿಫೆರೇಸ್ ಸುಮಾರು 61 ಕಿಲೋಡಾಲ್ಟನ್, 550 ಅಮೈನೋ ಆಮ್ಲ. ಅದು ಡಿ-ಲೂಸಿಫೆರಿನ್ನನ್ನ ಎಟಿಪಿ ಜೊತೆ ಸೇರಿಸಿ ಅಡಿನೈಲೇಟ್ ಮಾಡತ್ತೆ, ಅಂದ್ರೆ ಎಟಿಪಿಯ ಎಎಂಪಿ ಭಾಗವನ್ನ ಅದಕ್ಕೆ ಅಂಟಿಸತ್ತೆ, ಇದಕ್ಕೆ ಮೆಗ್ನೀಸಿಯಂ ಬೇಕು, ಆಮೇಲೆ ಆಮ್ಲಜನಕ ಬಂದು ಸೇರಿ ಡೈಆಕ್ಸೆಟನೋನ್ ಅನ್ನೋ ನಾಲ್ಕು ಮೂಲೆಯ ಬಿಗಿಯಾದ ರಿಂಗ್ ಆಗತ್ತೆ, ಅದು ಒಡೆದು ಕಾರ್ಬನ್ ಡೈಆಕ್ಸೈಡ್ ಬಿಟ್ಟು ಆಕ್ಸಿಲೂಸಿಫೆರಿನ್ ಉದ್ರೇಕಗೊಂಡ ಸ್ಥಿತೀಲಿ ಹುಟ್ಟತ್ತೆ, ಅದು ಶಾಂತ ಆಗುವಾಗ ಒಂದು ಫೋಟಾನ್ ಬಿಡತ್ತೆ. ಹೊರಗಿಂದ ಲೈಟ್ ಹಾಯಿಸೋ ಅಗತ್ಯವೇ ಇಲ್ಲ, ಹಾಗಾಗಿ ಫ್ಲೋರೆಸೆನ್ಸಲ್ಲಿ ಬರೋ ಹಿನ್ನೆಲೆ ಗಲಾಟೆ ಇಲ್ಲಿ ಬಹುತೇಕ ಇಲ್ಲ, ಅದೇ ಇದರ ದೊಡ್ಡ ಲಾಭ. ಮಿಣುಕುಹುಳದ ಜೋಡಿಯ ಕ್ವಾಂಟಮ್ ಯೀಲ್ಡ್, ಅಂದ್ರೆ ಒಂದು ಲೂಸಿಫೆರಿನ್ ಅಣು ಉರಿದ್ರೆ ಸರಾಸರಿ ಎಷ್ಟು ಫೋಟಾನ್ ಬರತ್ತೆ ಅನ್ನೋದು, 0.88 ಅಂತ 1960ರಿಂದ ಎಲ್ರೂ ಬರೀತಿದ್ರು, 2008ರಲ್ಲಿ ಜಪಾನಿನೋರು ಮತ್ತೆ ಅಳೆದು 0.41 ಅಂತ ತೋರಿಸಿದ್ರು, ಹಳೇ ಪುಸ್ತಕದ ಸಂಖ್ಯೆ ಎತ್ಕೊಂಡು ಲೆಕ್ಕ ಹಾಕ್ಬೇಡಿ.

ಈಗ ಒಂದು ಚಿಕ್ಕ ಕೆಲಸ ಮಾಡಿ ನೋಡಿ. ರಾತ್ರಿ ಲೈಟ್ ಆರಿಸಿ ಮೊಬೈಲ್ ಟಾರ್ಚ್ ಹಚ್ಚಿ ಅಂಗೈ ಹಿಂದೆ ಒತ್ತಿ ಹಿಡೀರಿ. ಟಾರ್ಚ್ ಬಿಳಿ, ಆದ್ರೆ ಕೈ ಮಾಂಸ ದಾಟಿ ಈ ಕಡೆ ಬರೋದು ಕೆಂಪು ಮಾತ್ರ, ನೀಲಿ ಹಸಿರು ಎರಡನ್ನೂ ರಕ್ತದ ಹಿಮೋಗ್ಲೋಬಿನ್ ನುಂಗಿಬಿಡತ್ತೆ. ಸುಮಾರು 600 ನ್ಯಾನೋಮೀಟರ್ ದಾಟಿದ ಮೇಲೆ ಈ ನುಂಗೋದು ಜೋರಾಗಿ ಇಳಿಯತ್ತೆ, 650ರಿಂದ 900ರ ತನಕ ಮಾಂಸ ಚೆನ್ನಾಗಿ ದಾರಿ ಬಿಡತ್ತೆ. ಪ್ರಕೃತಿ ಕೊಟ್ಟಿರೋ ಲೂಸಿಫೆರೇಸ್‌ಗಳಲ್ಲಿ ಹೆಚ್ಚಿನವು ನೀಲಿ ಅಥ್ವಾ ಹಸಿರು ಬೆಳಕಿನವು, ಸಮುದ್ರದ ಜೀವಿಗಳದ್ದಂತೂ ಬಹುತೇಕ ನೀಲಿ. ಹೊಸ ಜೋಡಿ ಯಾಕೆ ಬೇಕು ಅನ್ನೋದಕ್ಕೆ ಮೊದಲ ಕಾರಣ ಇದೇ.

ಮುಂಚೆ ಗೆದ್ದೋರು ಹೇಗೆ ಗೆದ್ರು ಅಂತ ನೋಡೋದು ಒಳ್ಳೇದು, ಎರಡು ಕಥೆ ಸಾಕು. ನ್ಯಾನೋಲಕ್ ಅನ್ನೋ ಲೂಸಿಫೆರೇಸ್ 2012ರಲ್ಲಿ ಬಂತು, ಅದರ ಮೂಲ ಆಳ ಸಮುದ್ರದ ಸೀಗಡಿ ಓಪ್ಲೋಫೋರಸ್ಸಿಂದ ತೆಗೆದ 19 ಕಿಲೋಡಾಲ್ಟನ್ ಚೂರು, ತಿದ್ದೋ ಮುಂಚೆ ಒಂಟಿಯಾಗಿ ಇಟ್ರೆ ಆ ಚೂರು ಬೆಳಕನ್ನೇ ಸರಿಯಾಗಿ ಕೊಡ್ತಿರಲಿಲ್ಲ. ಪ್ರೊಮೆಗಾ ಕಂಪನಿಯೋರು ಮೊದಲು ಎನ್ಜೈಮನ್ನ ಸ್ವಲ್ಪ ಗಟ್ಟಿ ಮಾಡಿದ್ರು, ಆಮೇಲೆ ಆ ಎನ್ಜೈಮಿಗೆ ಸೀಲೆಂಟರಜಿನ್ (ಸಮುದ್ರದ ಜೀವಿಗಳು ಬಳಸೋ ಲೂಸಿಫೆರಿನ್) ಥರದ ಬೇರೆ ಬೇರೆ ಅಣುಗಳನ್ನ ಕೊಟ್ಟು ನೋಡಿ ಫ್ಯೂರಿಮಜಿನ್ ಅನ್ನೋದನ್ನ ಆರಿಸಿದ್ರು, ಆಮೇಲೆ ಫ್ಯೂರಿಮಜಿನ್ನಿಗೇ ಹೊಂದೋ ಹಾಗೆ ಎನ್ಜೈಮನ್ನ ಮತ್ತೆ ತಿದ್ದಿದ್ರು. ಸಸ್ತನಿ ಕೋಶದಲ್ಲಿ ಬೆಳಕು ಸುಮಾರು 25 ಲಕ್ಷ ಪಟ್ಟು ಏರಿತು. ಇನ್ನೊಂದು ಅಕಾಲಕ್, ಜಪಾನಿನ ರಿಕೆನ್ ಸಂಸ್ಥೇಲಿ ಅತ್ಸುಶಿ ಮಿಯಾವಾಕಿ ಅವರ ತಂಡದ್ದು, 2018. ಅಲ್ಲಿ ಮೊದಲು ಹುಟ್ಟಿದ್ದು ಅಕಾಲುಮಿನ್ ಅನ್ನೋ ಸಬ್‌ಸ್ಟ್ರೇಟ್, ಅದು ಮಾಮೂಲಿ ಮಿಣುಕುಹುಳದ ಎನ್ಜೈಮ್ ಜೊತೆ 677 ನ್ಯಾನೋಮೀಟರಲ್ಲಿ ಬೆಳಕು ಕೊಡ್ತಿತ್ತು, ಬಣ್ಣ ಅದ್ಭುತ ಆದ್ರೆ ಬೆಳಕು ಮಂಕು. ಆಮೇಲೆ ಎನ್ಜೈಮನ್ನ ಅದಕ್ಕೋಸ್ಕರವೇ ವಿಕಾಸ ಮಾಡಿಸಿ ಅಕಾಲಕ್ ತೆಗೆದ್ರು, ಬಣ್ಣ 650ಕ್ಕೆ ಬಂತು, ಹಳೇ ಜೋಡಿಗೆ ಹೋಲಿಸಿದ್ರೆ ಪ್ರಾಣಿ ಮೈಯಿಂದ ಹೊರಗೆ ಬರೋ ಬೆಳಕು 100ರಿಂದ 1000 ಪಟ್ಟು ಹೆಚ್ಚಾಯ್ತು, ಮಾರ್ಮೊಸೆಟ್ ಕೋತಿಯ ಮೆದುಳಿನ ಒಳಗಿನ ನರಕೋಶ ಕೂಡ ಹೊರಗಿಂದ ಕಂಡ್ವು. ಎರಡು ಕಥೇಲೂ ಎನ್ಜೈಮ್ ಒಂದು ಹೆಜ್ಜೆ, ಸಬ್‌ಸ್ಟ್ರೇಟ್ ಒಂದು ಹೆಜ್ಜೆ, ಮತ್ತೆ ಎನ್ಜೈಮ್. 2023ರಲ್ಲಿ ಡೇವಿಡ್ ಬೇಕರ್ ತಂಡ ಕಂಪ್ಯೂಟರಲ್ಲೇ ಸೊನ್ನೆಯಿಂದ ಲೂಸಿಫೆರೇಸ್ ಕಟ್ಟಿ ಲಕ್ಸಿಟ್ ಅಂತ ಹೆಸರಿಟ್ಟಿತು, ಅವರೂ ಸಬ್‌ಸ್ಟ್ರೇಟನ್ನ ಮೊದಲು ನಿಗದಿ ಮಾಡ್ಕೊಂಡು ಅದರ ಸುತ್ತ ಪ್ರೋಟೀನ್ ಕಟ್ಟಿದ್ದು.

ಹಾಗಾಗಿ ಕೆಲಸದ ಮೊದಲ ದಿನ ಪಿಪೆಟ್ ಮುಟ್ಟೋ ಮುಂಚೆ ಒಂದು ಹಾಳೆ ಮೇಲೆ ಬರೀರಿ, ನನ್ನ ಜೋಡಿ ಯಾವುದಕ್ಕೆ. ಆಳದ ಅಂಗಾಂಶ ನೋಡೋಕಾದ್ರೆ ಕೆಂಪು ಬೇಕು. ಮೆದುಳಿಗಾದ್ರೆ ಕೆಂಪಿನ ಜೊತೆ ಸಬ್‌ಸ್ಟ್ರೇಟ್ ರಕ್ತ-ಮೆದುಳಿನ ತಡೆ ದಾಟಬೇಕು, ಡಿ-ಲೂಸಿಫೆರಿನ್ ಅಲ್ಲಿ ಸೋಲತ್ತೆ. ಎರಡು ಥರದ ಕೋಶ ಒಟ್ಟಿಗೆ ನೋಡೋಕಾದ್ರೆ ಬಣ್ಣಕ್ಕಿಂತ ಮುಖ್ಯ ಏನಂದ್ರೆ ಒಂದರ ಸಬ್‌ಸ್ಟ್ರೇಟ್ ಇನ್ನೊಂದರ ಎನ್ಜೈಮಿಗೆ ರುಚಿಸಬಾರದು, ಇದನ್ನ ಆರ್ಥೊಗೊನಲ್ ಜೋಡಿ ಅಂತಾರೆ, ಕ್ಯಾಲಿಫೋರ್ನಿಯಾದಲ್ಲಿ ಜೆನಿಫರ್ ಪ್ರೆಶರ್ ಅವರ ಲ್ಯಾಬ್ ಇದ್ರಲ್ಲಿ ಬಹಳ ಕೆಲಸ ಮಾಡಿದೆ. ಈ ಮೂರರಲ್ಲಿ ಒಂದನ್ನ ಆರಿಸಿ, ಮೂರೂ ಬೇಕು ಅಂತ ಹೊರಟ ಪ್ರಾಜೆಕ್ಟ್ ಯಾವ ದಡಾನೂ ಸೇರಲ್ಲ.

ಮೂಲ ಎನ್ಜೈಮ್ ಯಾವುದು ಅಂತ ಕೇಳಿದ್ರೆ ನಾನು ಮಿಣುಕುಹುಳದ್ದೇ ಅಂತೀನಿ. ಕಾರಣ, ಅದರ ರಚನೆ 1996ರಿಂದ ಗೊತ್ತು, ಬೆಳಕು ಹೊಳಪಾಗಿ ತುಂಬ ಹೊತ್ತು ನಿಲ್ಲೋ ಹಾಗೆ ಮಾಡ್ಕೋಬಹುದು, ಮತ್ತೆ ಸಬ್‌ಸ್ಟ್ರೇಟ್ ತಾನಾಗೇ ಗಾಳೀಲಿ ಕೆಡೋದು ಕಮ್ಮಿ. ಸೀಲೆಂಟರಜಿನ್ ಗುಂಪು ಎಟಿಪಿ ಕೇಳಲ್ಲ, ಎನ್ಜೈಮ್ ಪುಟ್ಟದು, ಅದೆಲ್ಲ ಸರಿ, ಆದ್ರೆ ಸಬ್‌ಸ್ಟ್ರೇಟ್ ತಾನಾಗೇ ಆಕ್ಸಿಡೈಸ್ ಆಗತ್ತೆ, ಸೀರಂ ಆಲ್ಬುಮಿನ್ ಸಿಕ್ರೂ ಸಾಕು ಬೆಳಕು ಬಿಡತ್ತೆ, ಹೊಸಬ್ರಿಗೆ ಆ ಹಿನ್ನೆಲೆ ಬೆಳಕನ್ನ ನಿಜವಾದ ಸಿಗ್ನಲ್ ಅಂತ ಓದೋ ಅಪಾಯ ಜಾಸ್ತಿ.

ಅನುಮತಿ ವಿಷಯ ಬೇಗ ಹೇಳಿ ಮುಗಿಸ್ತೀನಿ. ರೀಕಾಂಬಿನೆಂಟ್ ಡಿಎನ್ಎ ಕೆಲಸ ಅಂದ ಮೇಲೆ 1989ರ ನಿಯಮದ ಪ್ರಕಾರ ಸಂಸ್ಥೆಯ ಬಯೋಸೇಫ್ಟಿ ಕಮಿಟಿ ಮುಂದೆ ಹೋಗ್ಬೇಕು, ನಿಮ್ಮ ಕಾಲೇಜಲ್ಲಿ ಇಲ್ಲ ಅಂದ್ರೆ ಇರೋ ಸಂಸ್ಥೆ ಜೊತೆ ಸೇರ್ಕೊಳ್ಳಿ. ಇಲಿ ಕೆಲಸಕ್ಕೆ ಪ್ರಾಣಿ ನೈತಿಕ ಸಮಿತಿ ಮತ್ತೆ ಪ್ರಾಣಿ ಪ್ರಯೋಗ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಮಿತಿ ಸಿಸಿಎಸ್‌ಇಎ ನೋಂದಣಿ ಇರೋ ಜಾಗವೇ ಬೇಕು. ಅರ್ಜಿ ಮೊದಲೇ ಹಾಕಿಬಿಡಿ, ಕೆಲಸ ಶುರುವಾದ ಮೇಲೆ ಕಾಯೋದು ಬೇಜಾರು.

ಸಬ್‌ಸ್ಟ್ರೇಟ್ ಕಡೆ ಬನ್ನಿ. ಲೂಸಿಫೆರಿನ್ ತಯಾರಿಸೋದ್ರಲ್ಲಿ ಕೊನೇ ಹೆಜ್ಜೆ ತುಂಬ ಸುಲಭ, ಸಯನೋಬೆಂಜೋಥಯಜೋಲ್ ಅನ್ನೋ ಚೂರಿಗೆ ಡಿ-ಸಿಸ್ಟೀನ್ ಸೇರಿಸಿದ್ರೆ ನೀರು-ಮೆಥನಾಲ್ ಮಿಶ್ರಣದಲ್ಲಿ, ಸ್ವಲ್ಪ ಕ್ಷಾರದ ಪಿಎಚ್‌ನಲ್ಲಿ, ಕೋಣೆ ಉಷ್ಣಾಂಶದಲ್ಲೇ ಕೂಡ್ಕೊಳ್ಳತ್ತೆ, ಆಮೇಲೆ ಆಮ್ಲ ಹಾಕಿ ಇಳಿಸಿದ್ರೆ ಪುಡಿ ಕೆಳಗೆ ಬೀಳತ್ತೆ. ಕಷ್ಟ ಇರೋದು ಆ ಬೆಂಜೋಥಯಜೋಲ್ ಭಾಗವನ್ನ ಬೇರೆ ಬೇರೆ ಆಕಾರದಲ್ಲಿ ಮಾಡೋದ್ರಲ್ಲಿ, ಅದು ಕೆಮಿಸ್ಟ್ರಿ ಡಿಪಾರ್ಟ್‌ಮೆಂಟಿನೋರ ಕೆಲಸ, ಅವರನ್ನ ಪೇಪರಿನ ಕೊನೇ ಹೆಸರು ಮಾಡ್ದೆ ಮೊದಲಿಂದ ಜೊತೆಗೆ ಕೂರಿಸ್ಕೊಳ್ಳಿ. 6ನೇ ಜಾಗದ ಹೈಡ್ರಾಕ್ಸಿ ಬದಲು ಅಮಿನೊ ಇಟ್ರೆ ಬೆಳಕು ಕೆಂಪಿನ ಕಡೆ ಜರುಗತ್ತೆ, ಆ ಅಮಿನೊಗೆ ಇನ್ನೊಂದು ರಿಂಗ್ ಕಟ್ಟಿದ್ರೆ ಸೈಕ್‌ಲಕ್ ಗುಂಪು, ಇದು ಮೆದುಳಿಗೂ ಚೆನ್ನಾಗಿ ತಲುಪತ್ತೆ. ಡಬಲ್ ಬಾಂಡ್ ಸರಪಳಿ ಉದ್ದ ಮಾಡಿದ್ರೆ ಅಕಾಲುಮಿನ್ ಥರ ಇನ್ನೂ ಕೆಂಪು. ಕೆಂಪಿಗೆ ಹೋದಷ್ಟೂ ಸಾಮಾನ್ಯವಾಗಿ ಬೆಳಕು ಮಂಕಾಗತ್ತೆ, ಆ ನಷ್ಟವನ್ನ ಎನ್ಜೈಮ್ ಕಡೆಯಿಂದ ತುಂಬಿಸ್ಕೋಬೇಕು, ಅದಕ್ಕೇ ಜೋಡಿ ಅನ್ನೋದು. ಹೀಗೆ ಬದಲಾಯಿಸಿದ ರೂಪಗಳು, ಅಂದ್ರೆ ಅನಲಾಗ್, ಹತ್ತು ಇದ್ರೂ ಒಳ್ಳೇ ಆರಂಭ.

ಡಿ ಅಂದ್ರೆ ಡಿ-ನೇ ಇರಬೇಕು. ಎಲ್-ಸಿಸ್ಟೀನ್ ಅಗ್ಗ ಅಂತ ಅದನ್ನ ಹಾಕಿದ್ರೆ ಎಲ್-ಲೂಸಿಫೆರಿನ್ ಬರತ್ತೆ, ಅದು ಬೆಳಕು ಸರಿಯಾಗಿ ಕೊಡಲ್ಲ, ಮೇಲಿಂದ ಡಿ-ಗೆ ಅಡ್ಡ ಬರತ್ತೆ. ಕ್ಷಾರದಲ್ಲಿ ಬಿಸಿ ಮಾಡಿದ್ರೂ ಡಿ ನಿಧಾನ ಎಲ್ ಆಗತ್ತೆ. ಡಿಹೈಡ್ರೊಲೂಸಿಫೆರಿನ್ ಅನ್ನೋ ಕಲ್ಮಶ ಇನ್ನೂ ಕೆಟ್ಟದ್ದು, ಅಡಿನೈಲೇಟ್ ಆಗಿ ಎನ್ಜೈಮಿಗೆ ಅಂಟ್ಕೊಂಡು ಬಿಡೋದೇ ಇಲ್ಲ, ಚೂರೇ ಇದ್ರೂ ನಿಮ್ಮ ಅನಲಾಗ್ ಕೆಟ್ಟದು ಅನ್ನೋ ತಪ್ಪು ತೀರ್ಮಾನ ಬರತ್ತೆ. ಎಚ್‌ಪಿಎಲ್‌ಸಿ (ಶುದ್ಧತೆ ನೋಡೋ ಪರೀಕ್ಷೆ) ಮಾಡ್ದೆ ಯಾವ ಪುಡೀನೂ ಸ್ಕ್ರೀನಿಂಗಿಗೆ ಬಿಡಬೇಡಿ, ಎನ್‌ಎಂಆರ್ ಬೇಕಾದ್ರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್‌ಎಂಆರ್ ಕೇಂದ್ರದಂಥ ಜಾಗ ಇದೆ.

ಇಟ್ಕೊಳ್ಳೋದೂ ಒಂದು ಕೆಲಸಾನೇ. ಬೆಂಗಳೂರಿಂದ ತುಮಕೂರಿಗೆ 70 ಕಿಲೋಮೀಟರ್, ಏಪ್ರಿಲ್ ಬಿಸಿಲಲ್ಲಿ ಬಸ್ಸಲ್ಲಿ ತರೋದಾದ್ರೆ ಥರ್ಮಾಕೋಲ್ ಡಬ್ಬ, ಐಸ್ ಪ್ಯಾಕ್, ಟ್ಯೂಬಿಗೆ ಫಾಯಿಲ್ ಸುತ್ತಿರಬೇಕು. ಪುಡಿಯಾಗಿದ್ದಾಗಲೇ ತನ್ನಿ, ದ್ರಾವಣ ಮಾಡಿ ತರಬೇಡಿ. ಲ್ಯಾಬಿಗೆ ಬಂದ ಮೇಲೆ ಒಂದ್ಸಲ ಬಳಸೋಷ್ಟು ಚಿಕ್ಕ ಚಿಕ್ಕ ಪಾಲು ಮಾಡಿ, ನೈಟ್ರೋಜನ್ ಅಥ್ವಾ ಆರ್ಗಾನ್ ಊದಿ, ಮೈನಸ್ 20ರಲ್ಲೋ ಮೈನಸ್ 80ರಲ್ಲೋ ಇಡಿ. ಕರೆಂಟ್ ಹೋಗಿ ಬಂದು ಮಾಡೋ ಊರಲ್ಲಿ ಫ್ರೀಜರ್ ಬಾಗಿಲ ಹತ್ರದ ಟ್ರೇ ಬೇಡ, ಒಳಗಿನ ಗೋಡೆ ಕಡೆ ಇಡಿ. ಸೀಲೆಂಟರಜಿನ್ ಗುಂಪಿನದನ್ನ ಹೋಲಿಕೆಗೆ ತಂದಿದ್ರೆ ಡಿಎಂಎಸ್‌ಓನಲ್ಲಿ ಕರಗಿಸಿ ಇಡಬೇಡಿ, ಅಲ್ಲೇ ಆಕ್ಸಿಡೈಸ್ ಆಗೋಗತ್ತೆ, ಸ್ವಲ್ಪ ಆಮ್ಲ ಬೆರೆಸಿದ ಆಲ್ಕೋಹಾಲ್ ಉತ್ತಮ.

ಈಗ ಎನ್ಜೈಮಲ್ಲಿ ಎಲ್ಲಿ ಕೈ ಹಾಕೋದು. ಕಂಪ್ಯೂಟರಲ್ಲಿ ರಚನೆ ತೆಗೀರಿ, ಸಬ್‌ಸ್ಟ್ರೇಟ್ ಥರದ ಅಣು ಒಳಗೆ ಕೂತಿರೋ ರಚನೆ ಬೇಕು, 2006ರಲ್ಲಿ ಜಪಾನಿನ ಗೆಂಜಿ ಮಿಣುಕುಹುಳದ್ದು ಬಂತು, ಪ್ರೋಟೀನ್ ಡೇಟಾ ಬ್ಯಾಂಕಲ್ಲಿ 2ಡಿ1ಎಸ್ ಅನ್ನೋ ನಂಬರ್. ಉಚಿತ ಸಾಫ್ಟ್‌ವೇರಲ್ಲಿ ತೆರೆದು ಅಣುವಿನ ಸುತ್ತ 5 ಆಂಗ್‌ಸ್ಟ್ರಾಮ್ ಒಳಗೆ ಇರೋ ಅಮೈನೋ ಆಮ್ಲಗಳ ಪಟ್ಟಿ ಮಾಡಿ. ಅಮೆರಿಕದ ಮಿಣುಕುಹುಳದ ನಂಬರಿನಲ್ಲಿ ಆರ್ಜಿನಿನ್ 218, ಫೀನೈಲ್‌ಅಲನಿನ್ 247, ಸೆರಿನ್ 284, ಸೆರಿನ್ 347 ಇವೆಲ್ಲ ಅಲ್ಲೇ ಸಿಗ್ತವೆ. 284ರ ಸೆರಿನ್ ಹೋಗಿ ಥ್ರಿಯೋನಿನ್ ಆದ್ರೆ ಸಾಕು, ಬೆಳಕು ಹಳದಿ-ಹಸಿರಿಂದ ಕೆಂಪಿಗೆ ಸುಮಾರು 615ಕ್ಕೆ ಹೋಗತ್ತೆ, ಒಂದೇ ಒಂದು ಅಮೈನೋ ಆಮ್ಲ ನೋಡಿ. ಆದ್ರೆ ಲೈಸಿನ್ 529 ಮುಟ್ಟಬೇಡಿ, ಅಡಿನೈಲೇಟ್ ಆಗೋಕೆ ಅದು ಬೇಕೇ ಬೇಕು.

ಲೈಬ್ರರಿ, ಅಂದ್ರೆ ಬದಲಾದ ಎನ್ಜೈಮುಗಳ ಸಂಗ್ರಹ, ಮಾಡೋದು ಎರಡು ಥರ, ಎರಡನ್ನೂ ಒಂದರ ಹಿಂದೆ ಒಂದು ಮಾಡಿ. ಮೊದಲು ಪಟ್ಟೀಲಿ ಇರೋ ಒಂದೊಂದೇ ಜಾಗಕ್ಕೆ ಎನ್‌ಎನ್‌ಕೆ ಪ್ರೈಮರ್ ಹಾಕಿ ಅಲ್ಲಿ 20 ಅಮೈನೋ ಆಮ್ಲಗಳೂ ಬರೋ ಹಾಗೆ ಮಾಡಿ. ಎನ್‌ಎನ್‌ಕೆ ಅಂದ್ರೆ (ಎನ್ ನಾಲ್ಕರಲ್ಲಿ ಯಾವ ಬೇಸ್ ಆದ್ರೂ ಸರಿ, ಕೆ ಜಿ ಅಥ್ವಾ ಟಿ) 32 ಕೋಡಾನ್, ಅದ್ರಲ್ಲಿ ಸ್ಟಾಪ್ ಒಂದೇ, ನೂರಕ್ಕೆ 95ರಷ್ಟು ಧೈರ್ಯವಾಗಿ ಎಲ್ಲ ಬಂತು ಅನ್ನೋಕೆ ಸುಮಾರು 95 ಕಾಲೊನಿ ನೋಡಿದ್ರೆ ಆಯ್ತು. ಅದೇ ಎರಡು ಜಾಗ ಒಟ್ಟಿಗೆ ಬದಲಾಯಿಸಿದ್ರೆ 3000 ದಾಟತ್ತೆ, ಮೂರು ಜಾಗ ಅಂದ್ರೆ ಒಂದು ಲಕ್ಷದ ಹತ್ತಿರ. ರೋಬೋಟ್ ಇಲ್ಲದ ಲ್ಯಾಬಿಗೆ ಎರಡು ಜಾಗವೇ ಮಿತಿ, ಅದಕ್ಕಿಂತ ಆಸೆ ಪಡಬೇಡಿ. ಆಮೇಲೆ ಗೆದ್ದ ಕ್ಲೋನ್ ತಗೊಂಡು ಮ್ಯಾಂಗನೀಸ್ ಹಾಕಿದ ತಪ್ಪು ಮಾಡೋ ಪಿಸಿಆರ್, ಇಡೀ ಜೀನಲ್ಲಿ ಒಂದರಿಂದ ಮೂರು ಬದಲಾವಣೆ ಬೀಳೋ ಹಾಗೆ. ದೂರದಲ್ಲಿರೋ ಜಾಗಗಳೂ ಬೆಳಕು ಬದಲಾಯಿಸ್ತವೆ, ಅದು ರಚನೆ ನೋಡಿ ಊಹಿಸೋಕೆ ಆಗಲ್ಲ, ಅಕಾಲಕ್‌ನಲ್ಲಿ 28 ಬದಲಾವಣೆ ಇರೋದು ಅದಕ್ಕೇ.

ಸ್ಕ್ರೀನಿಂಗ್ ಬಗ್ಗೆ ನಿಧಾನವಾಗಿ ಹೇಳ್ತೀನಿ, ಇಡೀ ಕೆಲಸದ ಹಣೇಬರಹ ಇಲ್ಲಿ ತೀರ್ಮಾನ ಆಗೋದು. ಸಂಜೆ ಟ್ರಾನ್ಸ್‌ಫಾರ್ಮ್ ಮಾಡಿ ಪ್ಲೇಟ್ ಹಾಕಿ, ಬೆಳಿಗ್ಗೆ ಕಾಲೊನಿ ಸಾಸಿವೆ ಕಾಳಿಗಿಂತ ಚಿಕ್ಕದಾಗಿ ಇರೋವಾಗಲೇ ನೈಟ್ರೋಸೆಲ್ಯುಲೋಸ್ ಮೆಂಬ್ರೇನ್ ಮೇಲೆ ಇಟ್ಟು ಗುರುತು ಚುಚ್ಚಿ ಎತ್ತಿ, ಕಾಲೊನಿ ಮೇಲೆ ಬರೋ ಹಾಗೆ ಐಪಿಟಿಜಿ (ಜೀನನ್ನ ಚಾಲೂ ಮಾಡೋ ರಾಸಾಯನಿಕ) ಇರೋ ಪ್ಲೇಟಿಗೆ ಇಡಿ. 37ರಲ್ಲಿ ಇಡಬೇಡಿ, ಈ ಎನ್ಜೈಮ್ ಬಿಸಿಗೆ ಬೇಗ ಮುದ್ದೆಯಾಗತ್ತೆ, 22 ಡಿಗ್ರೀಲಿ ಕೆಲವು ಗಂಟೆ. ಆಮೇಲೆ ಪಿಎಚ್ 5ರ ಸಿಟ್ರೇಟ್ ಬಫರಲ್ಲಿ ಕರಗಿಸಿದ ಸಬ್‌ಸ್ಟ್ರೇಟಲ್ಲಿ ಫಿಲ್ಟರ್ ಪೇಪರ್ ನೆನೆಸಿ ಮೆಂಬ್ರೇನನ್ನ ಅದರ ಮೇಲೆ ಮೆಲ್ಲಗೆ ಹಾಸಿ. ಪಿಎಚ್ 5 ಯಾಕಂದ್ರೆ ಆಗ ಲೂಸಿಫೆರಿನ್ ಮೇಲಿನ ಚಾರ್ಜ್ ಕಮ್ಮಿಯಾಗಿ ಬ್ಯಾಕ್ಟೀರಿಯಾ ಗೋಡೆ ದಾಟತ್ತೆ, ಎಟಿಪಿ ಒಳಗೇ ಇದೆ, ಒಡೆಯೋ ಕೆಲಸಾನೇ ಇಲ್ಲ. ಒಂದೆರಡು ನಿಮಿಷದಲ್ಲಿ ಮೆಂಬ್ರೇನ್ ಮೇಲೆ ಒಂದೊಂದೇ ಚುಕ್ಕೆ ಎದ್ದು ಬರತ್ತೆ, ಮಳೆ ಬಿದ್ದ ವಾರ ತೆಂಗಿನ ತೋಟದಲ್ಲಿ ಮಿಣುಕುಹುಳ ಏಳೋ ಹಾಗೇ.

ಇಲ್ಲಿ ಎರಡು ಮೋಸ ಕಾದಿರ್ತವೆ. ಒಂದು, ಬಣ್ಣ. ಮಿಣುಕುಹುಳದ ಎನ್ಜೈಮ್ ಆಮ್ಲದಲ್ಲಿ ತಾನಾಗೇ ಕೆಂಪಾಗತ್ತೆ, ಪಿಎಚ್ 5ರ ಪೇಪರ್ ಮೇಲೆ ಕೆಂಪು ಕಂಡ ಕಾಲೊನಿ ಎಲ್ಲ ಕೆಂಪು ಮ್ಯುಟೆಂಟ್ ಅಲ್ಲ, ಬಣ್ಣದ ತೀರ್ಮಾನ ಶುದ್ಧ ಪ್ರೋಟೀನಲ್ಲಿ ಪಿಎಚ್ 7.8ರಲ್ಲಿ ಮಾತ್ರ. ಎರಡು, ನಿಮ್ಮ ಕಣ್ಣು. ಕತ್ತಲಲ್ಲಿ ನಮ್ಮ ಕಣ್ಣಿಗೆ 500ರ ಆಸುಪಾಸಿನ ಹಸಿರು-ನೀಲಿ ಚೆನ್ನಾಗಿ ಕಾಣತ್ತೆ, 650ರ ಕೆಂಪು ಹೆಚ್ಚುಕಮ್ಮಿ ಕಾಣೋದೇ ಇಲ್ಲ, ಹಾಗಾಗಿ ಕಣ್ಣಲ್ಲಿ ನೋಡಿ ಆರಿಸಿದ್ರೆ ನೀವು ಬೇಡ ಅಂದಿದ್ದನ್ನೇ ಆರಿಸ್ತೀರಿ. ಪ್ಲೇಟ್ ರೀಡರಿನ ಡಿಟೆಕ್ಟರೂ ಹಾಗೇ, ಬಹಳಷ್ಟು ಮಷೀನುಗಳು ಕೆಂಪಿಗೆ ಅರೆಗುರುಡು. ಇದಕ್ಕೆ ದಾರಿ ಏನಂದ್ರೆ ವೆಸ್ಟರ್ನ್ ಬ್ಲಾಟ್ ತೆಗೆಯೋ ಕೆಮಿಲ್ಯುಮಿನೆಸೆನ್ಸ್ ಕ್ಯಾಮರಾ, ಅದು ತಣ್ಣಗಿನ ಸಿಸಿಡಿ, ಕೆಂಪನ್ನ ಚೆನ್ನಾಗಿ ನೋಡತ್ತೆ, ಅದರ ಮುಂದೆ 610 ನ್ಯಾನೋಮೀಟರಿಗಿಂತ ಮೇಲಿನದನ್ನ ಮಾತ್ರ ಬಿಡೋ ಫಿಲ್ಟರ್ ಇಟ್ಟು ಒಂದು ಚಿತ್ರ, ಫಿಲ್ಟರ್ ಇಲ್ದೆ ಒಂದು ಚಿತ್ರ. ಕಾಲೊನಿಗೆ ಅಂಕ ಕೊಡೋದು ಫಿಲ್ಟರ್ ದಾಟಿ ಬಂದ ಬೆಳಕಿಗೆ. ನಿಮ್ಮ ಗುರಿ ಕೆಂಪಾದ್ರೆ ಸ್ಕ್ರೀನಿಂಗಿನ ಕಣ್ಣೂ ಕೆಂಪೇ ಆಗಿರಬೇಕು.

ಇನ್ನೊಂದು, ಸಬ್‌ಸ್ಟ್ರೇಟ್ ಎಷ್ಟು ಹಾಕ್ತೀರಿ. ಕಾಲೊನಿ ಮೇಲೆ 1 ಮಿಲಿಮೋಲಾರ್ ಸುರೀಬಹುದು, ಚಂದ ಕಾಣತ್ತೆ, ಆದ್ರೆ ಪ್ರಾಣಿಯ ಆಳದ ಅಂಗಾಂಶಕ್ಕೆ ಅಷ್ಟು ತಲುಪೋದೇ ಇಲ್ಲ, ಅಲ್ಲಿ ಕಮ್ಮಿ ಸಬ್‌ಸ್ಟ್ರೇಟಲ್ಲಿ ಕೆಲಸ ಮಾಡೋ ಎನ್ಜೈಮೇ ಗೆಲ್ಲೋದು. ಅದಕ್ಕೆ ಕಾಲೊನಿ ಸುತ್ತಲ್ಲಿ ಉಳಿದವನ್ನ 96 ಗುಂಡಿಯ ಬಿಳಿ ಪ್ಲೇಟಲ್ಲಿ ಬೆಳೆಸಿ, ಒಡೆದು, 5 ಮೈಕ್ರೋಮೋಲಾರ್ ಮತ್ತೆ 100 ಮೈಕ್ರೋಮೋಲಾರ್ ಎರಡರಲ್ಲೂ ಅಳೀರಿ, ಮೊದಲ ಅಂಕಿಗೆ ಹೆಚ್ಚು ಬೆಲೆ ಕೊಡಿ. ಬೆಳೆಸುವಾಗ ಅಲ್ಲ, ಅಳೆಯುವಾಗ ಪ್ಲೇಟ್ 37ಕ್ಕೆ ಬಿಸಿಯಾಗಿರಲಿ. ಬಫರ್ ಪಿಎಚ್ 7.8, 5 ಮಿಲಿಮೋಲಾರ್ ಮೆಗ್ನೀಸಿಯಂ, 2 ಮಿಲಿಮೋಲಾರ್ ಎಟಿಪಿ. ಹಚ್ಚಿದ ಕ್ಷಣದ ಮಿಂಚು ಮಾತ್ರ ನೋಡಬೇಡಿ, 10 ನಿಮಿಷ ಆದ ಮೇಲಿನದನ್ನೂ ಬರ್ಕೊಳ್ಳಿ, ಇಲಿ ಚಿತ್ರ ತೆಗೆಯೋದು ನಿಮಿಷಗಳ ಲೆಕ್ಕದಲ್ಲಿ, ಫಟ್ ಅಂತ ಹೊಳೆದು ಆರಿಹೋಗೋದ್ರಿಂದ ಅಲ್ಲಿ ಉಪಯೋಗ ಕಮ್ಮಿ. ಪ್ರತಿ ಪ್ಲೇಟಲ್ಲೂ ಮೂಲ ಎನ್ಜೈಮ್, ಖಾಲಿ ವೆಕ್ಟರ್, ಸಬ್‌ಸ್ಟ್ರೇಟ್ ಇಲ್ಲದ ಗುಂಡಿ ಇರಲೇಬೇಕು.

ಒಂದು ಸುತ್ತು ಮುಗಿದು ಐದಾರು ಒಳ್ಳೇ ಕ್ಲೋನ್ ಕೈಗೆ ಬಂದಾಗ ಎಲ್ರೂ ಮುಂದಿನ ಮ್ಯುಟೇಶನ್ನಿಗೆ ಓಡ್ತಾರೆ, ನಿಲ್ಲಿ. ಶೆಲ್ಫಲ್ಲಿರೋ ಎಲ್ಲ ಅನಲಾಗ್ ತೆಗೆದು ಈ ಐದಾರು ಎನ್ಜೈಮ್ ಎದುರು ಮತ್ತೆ ನಿಲ್ಲಿಸಿ, ಅಡ್ಡಕ್ಕೆ ಎನ್ಜೈಮ್ ಉದ್ದಕ್ಕೆ ಸಬ್‌ಸ್ಟ್ರೇಟ್, ಒಂದು ಚೌಕ ಬಿಡದೆ ತುಂಬಿಸಿ. ಮೊದಲು ಕೊನೇಲಿದ್ದ ಅನಲಾಗ್ ಈಗ ಮೇಲೆ ಬರೋದು ಮಾಮೂಲು, ಯಾಕಂದ್ರೆ ಎನ್ಜೈಮಿನ ಹೊಟ್ಟೆ ಆಕಾರವೇ ಬದಲಾಗಿದೆ. ಆರ್ಥೊಗೊನಲ್ ಜೋಡಿ ಬೇಕಾದೋರಿಗೆ ಈ ಚೌಕಗಳೇ ಎಲ್ಲ, ಯಾವ ಸಾಲಲ್ಲಿ ಒಂದು ಚೌಕ ಮಾತ್ರ ಹೊಳೆದು ಉಳಿದವು ಕಪ್ಪಾಗಿವೆಯೋ ಅದನ್ನ ಹುಡುಕಿ, ಹೊಳಪು ಸ್ವಲ್ಪ ಕಮ್ಮಿ ಇದ್ರೂ ಪರವಾಗಿಲ್ಲ.

ಗೆದ್ದ ಕ್ಲೋನನ್ನ ಸೀಕ್ವೆನ್ಸ್ ಮಾಡಿಸಿ, ಪ್ಲಾಸ್ಮಿಡ್ ತೆಗೆದು ಹೊಸ ಬ್ಯಾಕ್ಟೀರಿಯಾಗೆ ಮತ್ತೆ ಹಾಕಿ, ಅಲ್ಲೂ ಹೊಳೆದ್ರೆ ಮಾತ್ರ ನಂಬಿ. ಕೆಲವು ಕ್ಲೋನ್ ಹೆಚ್ಚು ಹೊಳೆಯೋದು ಎನ್ಜೈಮ್ ಒಳ್ಳೇದು ಅಂತ ಅಲ್ಲ, ಪ್ರೋಟೀನ್ ಜಾಸ್ತಿ ಬರ್ತಿದೆ ಅಂತ. ಅದನ್ನ ಬೇರೆ ಮಾಡೋಕೆ ಹಿಸ್-ಟ್ಯಾಗ್ ಅನ್ನೋ ನಿಕಲ್‌ಗೆ ಅಂಟೋ ಬಾಲ ಇಟ್ಟು ನಿಕಲ್ ಕಾಲಮಲ್ಲಿ ಶುದ್ಧ ಮಾಡಿ ಪ್ರೋಟೀನ್ ಅಳೆದು, ಸಮ ಪ್ರಮಾಣಕ್ಕೆ ಹೋಲಿಸಿ. ಮೂಲ ಎನ್ಜೈಮಿಗೆ ಡಿ-ಲೂಸಿಫೆರಿನ್ ಮೇಲೆ ಕೆಎಂ (ಎನ್ಜೈಮ್ ಅರ್ಧ ವೇಗಕ್ಕೆ ಬರೋಕೆ ಬೇಕಾದ ಸಬ್‌ಸ್ಟ್ರೇಟ್ ಪ್ರಮಾಣ) ಸುಮಾರು 10ರಿಂದ 20 ಮೈಕ್ರೋಮೋಲಾರ್ ಬರಬೇಕು, ನಿಮ್ಮ ಕೈಲಿ ಅದು ಬಂದ್ರೆ ನಿಮ್ಮ ಅಳತೆ ಸರಿ ಇದೆ ಅಂತ ಅರ್ಥ, ಆಮೇಲೆ ಹೊಸದನ್ನ ಅಳೀರಿ. ಸ್ಪೆಕ್ಟ್ರಮ್ ಕೋಣೆ ಉಷ್ಣಾಂಶದಲ್ಲೂ 37ರಲ್ಲೂ ತೆಗೀರಿ, ಮೂಲ ಎನ್ಜೈಮೇ 560 ಹತ್ರ ಇದ್ದಿದ್ದು 37ಕ್ಕೆ 610ರ ಆಸುಪಾಸಿಗೆ ಜರುಗತ್ತೆ, ಇದನ್ನ ಮರೆತು ನಾವು 50 ನ್ಯಾನೋಮೀಟರ್ ಕೆಂಪು ಮಾಡಿದ್ವಿ ಅಂತ ಬರೆದ್ರೆ ರಿವ್ಯೂ ಮಾಡೋರು ಒಂದೇ ಸಾಲಲ್ಲಿ ವಾಪಸ್ ಕಳಿಸ್ತಾರೆ.

ಇಲಿಗೆ ಹೋಗೋ ಮುಂಚೆ ಮಾಂಸದ ಪರೀಕ್ಷೆ. ಇದು ಕಮ್ಮಿ ಖರ್ಚಿಂದು, ಯಾವ ಊರಲ್ಲೂ ಆಗತ್ತೆ, ನನಗೆ ತುಂಬ ಇಷ್ಟ. ಕೋಳಿ ಅಂಗಡಿಯಿಂದ ಬೋನ್‌ಲೆಸ್ ಎದೆ ತುಂಡು, ಮಟನ್ ಅಂಗಡಿಯಿಂದ ಕುರಿ ಲಿವರ್ ಒಂದು ಚೂರು ತನ್ನಿ, ಅರ್ಧ ಗಟ್ಟಿಯಾಗೋ ತನಕ ಫ್ರೀಜ್ ಮಾಡಿ, ಆಗ ಬ್ಲೇಡಲ್ಲಿ 2, 4, 8 ಮಿಲಿಮೀಟರಿಗೆ ನೀಟಾಗಿ ಕುಯ್ಯೋಕೆ ಬರತ್ತೆ, ಕ್ಲಿಂಗ್ ಫಿಲ್ಮಲ್ಲಿ ಸುತ್ತಿ ಪೂರ್ತಿ ಕರಗೋಕೆ ಬಿಡಿ. ಹಳೇ ಜೋಡಿ ಒಂದು ಗುಂಡೀಲಿ, ಹೊಸ ಜೋಡಿ ಒಂದು ಗುಂಡೀಲಿ, ಎನ್ಜೈಮ್ ತೆಳು ಮಾಡಿ ಮಾಡಿ ಎರಡರ ಬೆಳಕೂ ಕ್ಯಾಮರಾಗೆ ಸಮ ಕಾಣೋ ಹಾಗೆ ಮೊದಲು ಸರಿ ಮಾಡ್ಕೊಳ್ಳಿ. ಈಗ ತುಂಡು ಮುಚ್ಚಿ ಚಿತ್ರ, ತೆಗೆದು ಮತ್ತೆ ಚಿತ್ರ, ಕೊನೇದು ಯಾಕಂದ್ರೆ ಅಷ್ಟರಲ್ಲಿ ಬೆಳಕು ಇಳಿದಿದ್ರೆ ಗೊತ್ತಾಗ್ಲಿ. ಕೋಳಿ ಎದೆ ಮೇಲೆ ವ್ಯತ್ಯಾಸ ಕಮ್ಮಿ ಕಾಣಬಹುದು, ಅದ್ರಲ್ಲಿ ರಕ್ತದ ಬಣ್ಣವೇ ಕಮ್ಮಿ. ಲಿವರ್ ಮೇಲೆ ಹಸಿರು ಜೋಡಿ ಮಾಯ ಆಗಿ ಕೆಂಪು ಉಳಿದ್ರೆ ನಿಮ್ಮ ಕೆಲಸ ದಾರೀಲಿದೆ. ಲ್ಯಾಬಿಗೆ ತಂದ ಮಾಂಸ ಆಮೇಲೆ ಬಯೋವೇಸ್ಟಿಗೇ ಹೋಗ್ಬೇಕು.

ಸಸ್ತನಿ ಕೋಶಕ್ಕೆ ಹಾಕುವಾಗ ಜೀನನ್ನ ಕೋಡಾನ್ ಸರಿಪಡಿಸಿ ಬರೆಸ್ಕೊಳ್ಳಿ, ಕೊನೇ ಮೂರು ಅಮೈನೋ ಆಮ್ಲ ಸೆರಿನ್-ಲೈಸಿನ್-ಲ್ಯೂಸಿನ್ ತೆಗೆದುಬಿಡಿ, ಅದು ಎನ್ಜೈಮನ್ನ ಕೋಶದೊಳಗಿನ ಪೆರಾಕ್ಸಿಸೋಮ್ ಅನ್ನೋ ಚಿಕ್ಕ ಚೀಲಕ್ಕೆ ಕಳಿಸೋ ವಿಳಾಸ. ಎಚ್‌ಇಕೆ 293 ಕೋಶ ಸಾಕು, 1ರಿಂದ 250 ಮೈಕ್ರೋಮೋಲಾರ್ ತನಕ ಸಬ್‌ಸ್ಟ್ರೇಟ್ ಏರಿಸ್ತಾ ನೋಡಿ. ಇಲ್ಲಿ ಬೆಳಕು ಕಮ್ಮಿ ಬಂದು ಒಡೆದ ಕೋಶದಲ್ಲಿ ಚೆನ್ನಾಗಿ ಬಂದ್ರೆ ಸಬ್‌ಸ್ಟ್ರೇಟ್ ಒಳಗೆ ಹೋಗ್ತಿಲ್ಲ ಅಂತ, ಕೆಮಿಸ್ಟ್ರಿ ಸ್ನೇಹಿತನ ಹತ್ರ ವಾಪಸ್ ಹೋಗಿ. ವಿಷ ಪರೀಕ್ಷೆಗೆ ಎಂಟಿಟಿ ಅಥ್ವಾ ರೆಸಜುರಿನ್ ಮಾಡಿ, ಎಟಿಪಿ ಅಳೆಯೋ ಬೆಳಕಿನ ಕಿಟ್ ಬೇಡ, ಅದರ ಒಳಗೇ ಲೂಸಿಫೆರೇಸ್ ಇದೆ, ನಿಮ್ಮ ಸಬ್‌ಸ್ಟ್ರೇಟ್ ಅದರ ಜೊತೆ ಜಗಳ ಆಡತ್ತೆ.

ಕುಣಿಗಲ್ ಕಡೆ ರೇಷ್ಮೆ ಸಾಕೋರ ಹತ್ರ ನಾಲ್ಕನೇ ಜ್ವರ ಕಳೆದ, ಅಂದ್ರೆ ನಾಲ್ಕು ಸಲ ಪೊರೆ ಬಿಟ್ಟು ಐದನೇ ಹಂತಕ್ಕೆ ಬಂದ ಹುಳ ಸಿಗತ್ತೆ, ಸಬ್‌ಸ್ಟ್ರೇಟ್ ವಿಷ ಹೌದಾ ಅಂತ ಪ್ರಾಣೀಲಿ ಮೊದಲ ಅಂದಾಜು ಪಡೆಯೋಕೆ ಅದಕ್ಕೆ ಚುಚ್ಚಿ ನೋಡೋದು ಒಳ್ಳೇ ದಾರಿ, ಜಪಾನಿನೋರು ಔಷಧಿ ಪರೀಕ್ಷೆಗೆ ರೇಷ್ಮೆಹುಳ ಬಳಸ್ತಾರೆ. ಆದ್ರೆ ಹುಳದ ಮೈಲಿ ಹಿಮೋಗ್ಲೋಬಿನ್ ಇಲ್ಲ, ಕೆಂಪು ಬೆಳಕಿನ ಲಾಭ ಅಲ್ಲಿ ತೋರಿಸೋಕೆ ಹೋಗ್ಬೇಡಿ. ಪರೀಕ್ಷೆಗೆ ಬಳಸಿದ ಹುಳ ವಾಪಸ್ ಸಾಕಣೆ ಮನೆಗೆ ಹೋಗಬಾರದು.

ಕೊನೇ ಹಂತ ಬೆಂಗಳೂರು. ತಣ್ಣಗಿನ ಸಿಸಿಡಿ ಇರೋ ಪ್ರಾಣಿ ಇಮೇಜಿಂಗ್ ಮಷೀನ್ ಇರೋ ಸಂಸ್ಥೇಲಿ ಸಹಯೋಗ ಹುಡುಕಿ. ಹೋಗುವಾಗ ಎಚ್‌ಪಿಎಲ್‌ಸಿ ಚಿತ್ರ, ಕೋಶದ ಡೋಸ್ ಗ್ರಾಫ್, ಲಿವರ್ ತುಂಡಿನ ಫೋಟೋ, ಸಬ್‌ಸ್ಟ್ರೇಟ್ ಯಾವುದರಲ್ಲಿ ಎಷ್ಟು ಕರಗತ್ತೆ ಅನ್ನೋ ಲೆಕ್ಕ ಕೈಲಿರಲಿ, ಇವಿಷ್ಟು ಇದ್ರೆ ಅಲ್ಲಿನೋರು ಗಂಭೀರವಾಗಿ ಕೂತು ಮಾತಾಡ್ತಾರೆ. ಹೋಲಿಕೆಗೆ ಡಿ-ಲೂಸಿಫೆರಿನ್ನಿನ ಮಾಮೂಲಿ ಡೋಸ್ ಕೆಜಿಗೆ 150 ಮಿಲಿಗ್ರಾಂ, ಅಂದ್ರೆ 15 ಮಿಲಿಗ್ರಾಂ/ಮಿಲೀ ದ್ರಾವಣ ಇಲಿ ತೂಕದ ಪ್ರತಿ ಗ್ರಾಮಿಗೆ 10 ಮೈಕ್ರೋಲೀಟರ್ ಹೊಟ್ಟೆಗೆ ಚುಚ್ಚೋದು, 10ರಿಂದ 20 ನಿಮಿಷದಲ್ಲಿ ಬೆಳಕು ತುದಿಗೆ ಬರತ್ತೆ. ನಿಮ್ಮ ಹೊಸದರ ತುದಿ ಬೇರೆ ಹೊತ್ತಿಗೆ ಇರಬಹುದು, ಒಂದೇ ಸಮಯದಲ್ಲಿ ತೆಗೆದ ಒಂದು ಚಿತ್ರ ನೋಡಿ ಗೆದ್ವಿ ಸೋತ್ವಿ ಅನ್ನದೆ ಎರಡೆರಡು ನಿಮಿಷಕ್ಕೆ ತೆಗೆಸಿ. ಕಪ್ಪು ಕೂದಲಿನ ಇಲಿ ಬೇಡ, ಕೂದಲೇ ಬೆಳಕು ನುಂಗತ್ತೆ. ಮತ್ತೆ ಲೂಸಿಫೆರೇಸೇ ಇಲ್ಲದ ಇಲಿಗೆ ಬರೀ ಸಬ್‌ಸ್ಟ್ರೇಟ್ ಕೊಟ್ಟ ಚಿತ್ರ ಮೊದಲು ತೆಗೆಸಿ, ಅಕಾಲುಮಿನ್ ಕೂಡ ಹಾಗೆ ಕೊಟ್ಟಾಗ ಲಿವರ್ ಹತ್ರ ಸ್ವಲ್ಪ ಬೆಳಕು ತೋರಿಸತ್ತೆ, ನಿಮ್ಮದೂ ತೋರಿಸಿದ್ರೆ ಹೊಟ್ಟೆ ಭಾಗದ ಗೆಡ್ಡೆ ಬಿಟ್ಟು ಮೆದುಳು ಅಥ್ವಾ ಕಾಲಿನ ಮಾಂಸಖಂಡದ ಮಾಡೆಲ್ ಆರಿಸ್ಕೊಳ್ಳಿ.